ಅಲುಗದ ಮಂಚ

ಒಂದು ವಿದ್ಯೆ ಬಲ್ಲವನು ಎಲ್ಲವನ್ನೂ ಬಲ್ಲೆನೆಂದುಕೊಳ್ಳುವ ರೋಗಕ್ಕೆ ಔಷಧವಿಲ್ಲ. ಎತ್ತು ಆರಿಸುವುದರಲ್ಲಿ ನವಲಗುಂದ ಸೀಮೆಯಲ್ಲಿ ನನಗೆ ಸ್ವಲ್ಪ ಹೆಸರಿದೆ. ಆ ಹೆಸರೇ ಈ ವಯಸ್ಸಿನಲ್ಲಿ ನನ್ನನ್ನು ದಿನವೂ ಏಣಿ ಹತ್ತಿಸುತ್ತಿದೆ ಎಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ.

ನಮ್ಮದು ಮಣ್ಣು ಹಾಸಿದ ಚಪ್ಪಟೆ ಸೂರಿನ ಮಾಳಿಗೆ ಮನೆ. ಮೊಮ್ಮಕ್ಕಳಾದ ನೀಲಾ, ಮಲ್ಲು ಮಲಗುವ ಕೋಣೆಯ ಅರ್ಧವನ್ನು ಕಡಲೆ ಚೀಲಗಳು ಹಿಡಿದಿವೆ. ಉಳಿದರ್ಧಕ್ಕಾಗಿ ಇಬ್ಬರೂ ಕಾಲಿನಿಂದ ಗಡಿಜಗಳ ಆಡುತ್ತಿದ್ದರು. ಮೇಲೊಂದು ಕೆಳಗೊಂದು ಹಾಸಿಗೆಯಿರುವ ಮಂಚ ತರೋಣವೆಂದ ಮಗ. ಆರಿಸುವುದು ನನ್ನ ಕೆಲಸವೆಂದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಒಂದು ಕಬ್ಬಿಣದ ಮಂಚದ ಕಾಲು ಹಿಡಿದು ಜಗ್ಗಿದೆ, ಪಕ್ಕೆಗೆ ಗುದ್ದಿದೆ, ಸುತ್ತು ಬಂದು ಹಿಂದಿನಿಂದ ನೋಡಿದೆ. ಅಂಗಡಿಯವನು, "ಕಾಕಾ, ಎತ್ತಲ್ರಿ ಅದು, ಮಂಚ. ಹಲ್ಲ ಎಣಸಬ್ಯಾಡ್ರಿ ಮತ್ತ," ಎಂದ. ಅಷ್ಟರಲ್ಲಿ ಮಂಚ ಕಿರ್ ಎಂದಿತು. ನಾನು ಹೊರಟು ಬಂದೆ.

ಕೊನೆಗೆ ಬಡಿಗ ಮೌನೇಶನಿಂದ ಮನೆಯಲ್ಲೇ ಸಾಗವಾನಿಯ ಮಂಚ ಮಾಡಿಸಿದೆ. ಮೇಲಿನ ಹಾಸಿಗೆಗೆ ಎತ್ತರದ ಕಟಕಟೆ. ಅದರ ಸಂದಿಯಲ್ಲಿ ಹುಡುಗರ ತಲೆ ಸಿಕ್ಕೀತೆಂದು ಸಣ್ಣ ತಂಬಿಗೆಯೊಂದನ್ನು ತೂರಿಸಿ ನೋಡಿದೆ, ತೂರಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಅಟ್ಟ ಕಟ್ಟುವಾಗ ಕಂಬಗಳನ್ನು ಹೂಳುತ್ತೇವಲ್ಲ, ಹಾಗೆ ಕೋಣೆಯ ನೆಲ ಅಗೆಸಿ ನಾಲ್ಕೂ ಕಾಲುಗಳನ್ನು ಮೊಳ ಆಳ ಹೂಳಿಸಿದೆ.

"ಯಜಮಾನ್ರ, ಇದನ್ನ ಮುಂದ ಸರಸಾಕ ಬರಂಗಿಲ್ಲ ನೋಡ್ರಿ," ಎಂದ ಮೌನೇಶ.

"ಸರಿಯೂದಾದ್ರ ಗಟ್ಟಿ ಹೆಂಗಾತಲೇ?" ಎಂದೆ.

ನನ್ನ ಹೆಂಡತಿ ಮಾತ್ರ, "ಒಂದೀಟು ಮ್ಯಾಲ ನೋಡ್ರಿ," ಎಂದಳು. "ಮಂಚ ಆರಸಾಂವ ಕಾಲು ನೋಡ್ತಾನ. ಮ್ಯಾಲ ನೋಡಾಂವ ಜೋಯಿಸ," ಎಂದು ಅವಳ ಬಾಯಿ ಮುಚ್ಚಿಸಿದೆ.

ಮರುದಿನ ಸೊಸೆ ರೇಣುಕಾ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾಗ ಆಕಾಶದಿಂದ ದನಿ ಬಂತು: "ಯವ್ವಾ, ನಾ ಎಲ್ಲಿದೀನಿ ಹೇಳು?" ಮಲ್ಲು ಮಾಳಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ.

ಮಾಳಿಗೆ ಮನೆಗಳಲ್ಲಿ ಬೆಳಕಿಗೂ ಗಾಳಿಗೂ ಸೂರಿನಲ್ಲೊಂದು ಕಿಂಡಿ ಬಿಟ್ಟಿರುತ್ತಾರೆ. ಮಕ್ಕಳು ಓದಲು ಬೆಳಕಿರಲೆಂದು ಮಂಚವನ್ನು ನಾನು ಸರಿಯಾಗಿ ಅದರ ಕೆಳಗೇ ಹೂಳಿಸಿದ್ದೆ. ಹುಡುಗ ಮೇಲಿನ ಹಾಸಿಗೆಯಲ್ಲಿ ನಿಂತು, ಕಿಂಡಿಗೆ ಅರ್ಧ ಮುಚ್ಚಿದ್ದ ತಗಡು ಸರಿಸಿ, ಕಟಕಟೆಯ ಮೇಲೆ ಕಾಲಿಟ್ಟು ಹೊರಬಿದ್ದಿದ್ದ. ಕಟಕಟೆ ಕಿರ್ ಕೂಡ ಎಂದಿರಲಿಕ್ಕಿಲ್ಲ.

ರೇಣುಕಾ ಕೂಗಲಿಲ್ಲ, ಕೂಗಿದರೆ ಬೆದರಿ ಜಾರಿಯಾನು. "ಅಲ್ಲೇ ಕೂಡು ನನ್ನ ಬಂಗಾರಾ, ನಾನೂ ಬರ್ತೀನಿ," ಎಂದು ನಗುನಗುತ್ತಲೇ ಮಾಳಿಗೆಯ ಏಣಿ ಹತ್ತಿ ಅವನನ್ನು ತಬ್ಬಿಕೊಂಡಳು. ಹಾಗೆಯೇ ಅವನನ್ನು ಕೆಳಗಿಳಿಸಿಕೊಂಡು ಬಂದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನ ಮುಖ ನೋಡದೆಯೇ, "ಮಾಂವಾರ, ಕಿಂಡಿಗೆ ಸರಳು ಕುಂದ್ರಸೂತನಕ ಮ್ಯಾಲ ನೀವ ಮಲಗ್ರಿ," ಎಂದಳು. ಅಷ್ಟೇ.

ಮಂಚ ಅಲುಗುವಂತಿಲ್ಲ. ಸರಳು ಹಾಕುವ ವೆಲ್ಡಿಂಗಿನವನು ಇನ್ನೂ 'ನಾಳೆ' ಎನ್ನುತ್ತಿದ್ದಾನೆ. ಹೀಗಾಗಿ ನಾನು ಮೇಲೆ, ಕಿಂಡಿಗೆ ಹಾಕಿದ ಬಿರಡೆಯಂತೆ. ಮಕ್ಕಳಿಬ್ಬರೂ ಕೆಳಗೆ ಒಂದೇ ಹಾಸಿಗೆಯಲ್ಲಿ, ಮೊದಲಿನಂತೆ ಗಡಿಜಗಳ ಆಡುತ್ತ. ದಿನವೂ ರಾತ್ರಿ ನಾನು ಮಂಡಿ ಹಿಡಿದು ಮಂಚದ ಏಣಿ ಹತ್ತಿದ ಮೇಲೆ ನೀಲಾ ಕಟಕಟೆಯನ್ನು ಜಗ್ಗಿ, ಗುದ್ದಿ, ಆ ಕಡೆಯಿಂದ ಈ ಕಡೆಯಿಂದ ನೋಡುತ್ತಾಳೆ.

"ಗಟ್ಟಿ ಐತಿ ಅಜ್ಜಾ. ನೀ ಬೀಳಂಗಿಲ್ಲ, ಮಲಕೋ."