ಹೆಸರು ಮುಚ್ಚಿದ ಮೂರು ಲೆಕ್ಕದ ಪುಸ್ತಕ

ಲೆಕ್ಕದ ಮೇಷ್ಟ್ರಿಗೆ ನಗೋಕೆ ಬರೋಲ್ಲ ಅಂತ ಒಂದು ಅಪವಾದ ಇದೆ. ಬರುತ್ತೆ ಸ್ವಾಮಿ, ಚೆನ್ನಾಗೇ ಬರುತ್ತೆ. ನಗು ಬಂದ ಹೊತ್ತಿಗೆ ಸರಿಯಾಗಿ ಎದುರಿಗೆ ಹೆಡ್‌ಮಾಸ್ಟರು ಕೂತಿರ್ತಾರೆ, ಅಷ್ಟೆ. ಹಾಗೆ ನುಂಗಿಕೊಂಡ ನಗು ನನ್ನ ಹತ್ತಿರ ಬೇಕಾದಷ್ಟಿದೆ. ಪುಸ್ತಕ ಆರಿಸೋಕೆ ಹೊರಟ ಒಂದೇ ಒಂದು ಬೇಸಿಗೆಯದನ್ನ ಹೇಳ್ತೀನಿ.

ಆಗ ಮಹಾರಾಜರ ಕಾಲ, ಯುದ್ಧ ಬೇರೆ ನಡೀತಿತ್ತು. ನಾನು ಮಧುಗಿರಿಯಲ್ಲಿ ಟೆಂಪರರಿ ಮೇಷ್ಟ್ರು. ಕೊರಟಗೆರೆಯಲ್ಲಿ ನನಗೊಂದು ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ತಂದೆ, "ಕೆಲಸ ಕಾಯಂ ಆಗ್ಲಿ, ಮಾರನೇ ದಿನವೇ ಲಗ್ನಪತ್ರಿಕೆ" ಅಂದಿದ್ರು. ಎರಡು ವರ್ಷವಾದರೂ ಆ ಮಾರನೇ ದಿನ ಬಂದಿರಲಿಲ್ಲ.

ಹೀಗಿರುವಾಗ ಇನ್ಸ್‌ಪೆಕ್ಟರ್ ಸಾಹೇಬರು ಕರೆಸಿದರು. ನಾಲ್ಕು ತಾಲ್ಲೂಕಿನ ದೊಡ್ಡ ಸ್ಕೂಲುಗಳಿಗೆಲ್ಲ ಒಂದೇ ಲೆಕ್ಕದ ಪುಸ್ತಕ ಆರಿಸಬೇಕಂತೆ. ಮೂವರು ಗ್ರಂಥಕರ್ತರು ಪುಸ್ತಕ ಕಳಿಸಿದ್ದಾರಂತೆ. "ಯಾರು ಬರೆದದ್ದು ಅಂತ ಗೊತ್ತಾದ್ರೆ ನಮ್ಮವರು ನಿಮ್ಮವರು ಅಂತ ಶುರುವಾಗುತ್ತೆ. ಹೆಸರಿನ ಹಾಳೆ ಅಂಟಿಸಿ ಮುಚ್ಚು, ರಟ್ಟಿಗೆ ಕಾಗದ ಸುತ್ತು, ಒಂದು ಎರಡು ಮೂರು ಅಂತ ನಂಬರು ಹಾಕು. ಊರೂರಿಗೆ ಒಯ್ದು ಹೆಡ್‌ಮಾಸ್ಟರುಗಳ ಅಭಿಪ್ರಾಯ ಬರೆಸ್ಕೊಂಡು ಬಾ. ಸುಸೂತ್ರವಾಗಿ ಮುಗಿಸಿದ್ರೆ ಕಾಯಂ ಮಾಡ್ತೀನಿ. ಎಡವಟ್ಟಾದ್ರೆ ಊರಿಗೆ ಹೋಗು" ಅಂದ್ರು.

ಆವತ್ತೇ ಮೈದಾ ಅಂಟು ಕಲಸಿ, ಹೆಸರು ನನ್ನ ಕಣ್ಣಿಗೂ ಬೀಳಬಾರದು ಅಂತ ಮುಖ ತಿರುಗಿಸ್ಕೊಂಡೇ ಹಾಳೆ ಅಂಟಿಸಿ, ಸಂಜೆಯೊಳಗೆ ಮೂರಕ್ಕೂ ಮುಸುಕು ಹಾಕಿದೆ. ಒಂದನೇದು ದಪ್ಪ, ಹಾಲಿನಂಥ ಬಿಳೀ ಕಾಗದ. ಎರಡನೇದು ಅಷ್ಟಕ್ಕಷ್ಟೆ. ಮೂರನೇದು ಯುದ್ಧದ ಕಾಲದ ಬೂದಿ ಬಣ್ಣದ ಕಾಗದ, ಮುಟ್ಟಿದರೆ ಹರಿಯೋ ಹಾಗಿತ್ತು. ಮೂರನ್ನೂ ಚೀಲಕ್ಕೆ ಹಾಕ್ಕೊಂಡು ಹೊರಟೆ.

ಬೀಗ ಹಾಕಿದ ಉತ್ತರ

ಮೊದಲು ನಮ್ಮ ಮಧುಗಿರಿಯ ಹೆಡ್‌ಮಾಸ್ಟರು. ಅವರು ಲೆಕ್ಕದ ಪುಸ್ತಕವನ್ನ ಹಿಂದಿನಿಂದ ತೆಗೀತಿದ್ರು. ಉತ್ತರ ಕೊನೆಯಲ್ಲಿ ಇರಲೇಬೇಕು, ಆದರೆ ಹುಡುಗರಿಗೆ ಸಿಗಬಾರದು. ಆದ್ದರಿಂದ ಹೊಸ ಪುಸ್ತಕ ಬಂದ ದಿನವೇ ಉತ್ತರದ ಹಾಳೆಗಳನ್ನ ಬ್ಲೇಡಿನಲ್ಲಿ ಕೊಯ್ದು, ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಜನಿವಾರಕ್ಕೆ ಕಟ್ಟಿಕೊಳ್ಳೋರು. ನನ್ನ ಕೈಲಿದ್ದ ಮೂರು ಪುಸ್ತಕಕ್ಕೂ ಅದೇ ಗತಿಯಾಯ್ತು.

"ಸಾರ್, ಇದು ಇನ್ನೂ ಮೂರು ಊರಿಗೆ ಹೋಗಬೇಕು."

"ಹೋಗ್ಲಿ ಕಣಯ್ಯ. ಅಲ್ಲಿನ ಹುಡುಗರು ನೋಡಿ ಬರೆಯೋಲ್ವೆ?"

"ಒಂದನೇದು ಉತ್ತಮ, ಮೂರನೇದು ಬೇಡ" ಅಂತ ಬರೆದುಕೊಟ್ಟು, ಯಾರದೋ ಮುಂಜಿಗೆ ಅಂತ ತುಮಕೂರಿಗೆ ಹೊರಟುಹೋದರು. ಬೀಗದ ಕೈಯೂ ಮುಂಜಿಗೆ ಹೋಯ್ತು. ಆವತ್ತು ಕ್ಲಾಸಿನಲ್ಲಿ ಒಂದು ಲೆಕ್ಕಕ್ಕೆ ನನಗೆ ಹನ್ನೆರಡು ಬಂತು, ಮುಂದಿನ ಬೆಂಚಿನ ಹುಡುಗನಿಗೆ ಹನ್ನೊಂದೂವರೆ ಬಂತು. ಎರಡು ಸಲ ಮಾಡಿದೆ. ಎರಡನೇ ಸಲ ನನಗೆ ಹತ್ತು ಬಂತು. ಹೆಡ್‌ಮಾಸ್ಟರು ವಾಪಸು ಬರೋವರೆಗೂ ಲೆಕ್ಕದ ಪೀರಿಯಡ್ಡಿನಲ್ಲಿ ಭೂಗೋಳ ಮಾಡಿದೆ. ಆ ವರ್ಷ ನಮ್ಮ ಹುಡುಗರು ಭೂಗೋಳದಲ್ಲಿ ತೆಗೆದಷ್ಟು ಮಾರ್ಕು ಅದಕ್ಕೆ ಮುಂಚೆ ತೆಗೆದಿರಲಿಲ್ಲ, ಆಮೇಲೂ ತೆಗೆಯಲಿಲ್ಲ.

ಶಿರಾದ ಸಾಹೇಬರು

ಶಿರಾಕ್ಕೆ ಇದ್ದಿಲು ಗ್ಯಾಸಿನ ಬಸ್ಸು. ದಿಣ್ಣೆ ಬಂದಾಗಲೆಲ್ಲ ನಾವು ಇಳಿಯೋದು, ತಳ್ಳೋದು, ಹತ್ತೋದು. ಸ್ಕೂಲು ಮುಟ್ಟೋ ಹೊತ್ತಿಗೆ ಮುಖವೆಲ್ಲ ಮಸಿ.

ಅಲ್ಲಿನ ಹೆಡ್‌ಮಾಸ್ಟರು ಸ್ಕೂಲ್ ಕಮಿಟಿಯ ಹಿರಿಯರೊಬ್ಬರನ್ನ ಕರೆಸಿ ಕೂರಿಸಿದ್ರು. ಕಾಳಿನ ವ್ಯಾಪಾರದ ಸಾಹೇಬರು, ಮೆಹಂದಿ ಗಡ್ಡ. ನಾನು ಎರಡನೇ ಪುಸ್ತಕದ ಲೆಕ್ಕ ಓದಿ ಮುಗಿಸೋದರೊಳಗೆ ಅವರ ಬಾಯಲ್ಲಿ ಉತ್ತರ ರೆಡಿ. ಐದು ಲೆಕ್ಕ ಓದಿದೆ; ಹೆಡ್‌ಮಾಸ್ಟರು ಕಾಗದದ ಮೇಲೆ ಮಾಡಿ ನೋಡಿದರೆ ಐದೂ ಸರಿ. ಆಮೇಲೆ ಪುಸ್ತಕ ಇಸ್ಕೊಂಡು, ಮಾದರಿಗೆ ಅಂತ ಒಂದು ಪುಟ ತುಂಬ ಮಾಡಿ ತೋರಿಸಿದ ಲೆಕ್ಕ ನೋಡಿದರು.

"ಅರೆ ಮಾಸ್ಟರ್ ಸಾಬ್, ಜವಾಬು ಇಷ್ಟೇ ಇಷ್ಟು. ಅದಕ್ಕೆ ಇಷ್ಟುದ್ದ ಯಾಕೆ ಬರೀಬೇಕು?"

"ಹೆಜ್ಜೆ ಹೆಜ್ಜೆಗೂ ಮಾರ್ಕಿದೆ ಸಾಹೇಬ್ರೇ. ಉತ್ತರ ತಪ್ಪಾದ್ರೂ ಹೆಜ್ಜೆ ಸರಿಯಿದ್ರೆ ಅರ್ಧ ಮಾರ್ಕು ಕೊಡ್ತೀವಿ."

ಸಾಹೇಬರು ಗಡ್ಡ ನೀವಿಕೊಂಡರು. "ಹಂಗಾದ್ರೆ ಈ ಸ್ಕೂಲಲ್ಲಿ ಓದಿದವರನ್ನ ಮಾತ್ರ ನನ್ನ ಅಂಗಡಿ ತಕ್ಕಡಿ ಹತ್ರ ನಿಲ್ಸೋಲ್ಲ. ತೂಕ ತಪ್ಪಿದ್ರೆ ಗಿರಾಕಿ ಅರ್ಧ ಮಾರ್ಕು ಕೊಡೋಲ್ಲ, ಒದೆ ಕೊಡ್ತಾನೆ!"

ಎರಡನೇದರ ಕಥೆ ಅಲ್ಲಿಗೆ ಮುಗೀತು. ಒಂದು, ಮೂರು ಎರಡರ ಕಾಗದವನ್ನೂ ಅವರು ಬೆರಳಲ್ಲಿ ಉಜ್ಜಿ ನೋಡಿದರು. ಹೆಡ್‌ಮಾಸ್ಟರು, "ಒಂದನೇದರ ಶೈಲಿ ಸರಳ, ಮೂರನೇದರದು ಕ್ಲಿಷ್ಟ" ಅಂತ ಬರೆದರು.

ಯಾರ ಮನೆ ಕೊಳಗ?

ಕೊರಟಗೆರೆಗೆ ಹೋಗೋ ದಿನ ಕ್ಷೌರ ಮಾಡಿಸ್ಕೊಂಡು, ಒಗೆದ ಪಂಚೆ ಉಟ್ಟು ಹೋದೆ. ಪೇಟೆಯಲ್ಲೇ ಹೆಣ್ಣಿನ ತಂದೆ ಸಿಕ್ಕಿ, "ಏನಪ್ಪಾ, ಕಾಯಂ ಆಯ್ತೇ?" ಅಂದ್ರು. "ಈ ಪುಸ್ತಕದಲ್ಲೇ ಇದೆ ಮಾವ" ಅಂತ ಚೀಲ ತೋರಿಸಿದೆ.

ಅಲ್ಲಿನ ಹೆಡ್‌ಮಾಸ್ಟರು ಬಲು ನ್ಯಾಯವಂತರು. ಮೂರೂ ಪುಸ್ತಕದಿಂದ ಲೆಕ್ಕ ಕೊಟ್ಟು ಪರೀಕ್ಷೆಯನ್ನೇ ಮಾಡಿಬಿಟ್ಟರು. ಎರಡನೇ ಪುಸ್ತಕದಲ್ಲಿ ರಾಗಿ ಅಳೆಯೋ ಲೆಕ್ಕ ಒಂದಿತ್ತು. ಅದರ ಪ್ರಕಾರ ಕೊಳಗಕ್ಕೆ ಎಂಟು ಸೇರು. ಮಾರನೇ ದಿನ ಬೆಳಿಗ್ಗೆ ಹಳ್ಳಿಯಿಂದ ಒಬ್ಬ ಹೆಂಗಸು ತಲೆ ಮೇಲೆ ರಾಗಿ ಮೂಟೆ, ಕಂಕುಳಲ್ಲಿ ಕೊಳಗ, ಅದರೊಳಗೊಂದು ಸೇರು ಇಟ್ಕೊಂಡು ಬಂದಳು.

"ನನ್ ಮಗನಿಗೆ ಸೊನ್ನೆ ಕೊಟ್ಟೋರು ಯಾರ್ ಸಾಮಿ?"

"ಕೊಳಗಕ್ಕೆ ಹತ್ತು ಸೇರು ಅಂತ ಬರೆದಿದ್ದಾನೆ ಕಣಮ್ಮ. ಪುಸ್ತಕದಲ್ಲಿ ಎಂಟು ಅಂತಿದೆ."

"ಪುಸ್ತಕ ಬರ್ದೋನು ಯಾವತ್ತಾನಾ ರಾಗಿ ಅಳ್ದವ್ನಾ?" ಅಂದವಳೇ ಜಗಲಿ ಮೇಲೆ ಮೂಟೆ ಬಿಚ್ಚಿ ಅಳೆದೇ ಬಿಟ್ಟಳು. ಸರಿಯಾಗಿ ಹತ್ತು ಸೇರು ಹಿಡೀತು! ಹೆಡ್‌ಮಾಸ್ಟರು ಅಲ್ಲೇ ಸೊನ್ನೆ ಹೊಡೆದುಹಾಕಿ ಪೂರ್ತಿ ಮಾರ್ಕು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಹಳ್ಳಿಯ ಗೌಡರೊಬ್ಬರು ಅವರ ಕೊಳಗ ತಂದರು. ಅದಕ್ಕೆ ಹನ್ನೆರಡು. ಸಂಜೆಯ ಹೊತ್ತಿಗೆ ಜಗಲಿ ಮೇಲೆ ಆರು ಕೊಳಗ ಸಾಲಾಗಿ ಕೂತಿದ್ದವು, ಒಂದರ ಹಾಗೆ ಇನ್ನೊಂದಿಲ್ಲ.

ಹೆಡ್‌ಮಾಸ್ಟರು ತಲೆ ಮೇಲೆ ಕೈ ಹೊತ್ತು ಕೂತು, "ಒಂದನೇದೇ ವಾಸಿ, ಮೂರನೇದು ಬೇಡ" ಅಂತ ನನಗೆ ಅಭಿಪ್ರಾಯ ಬರೆದುಕೊಟ್ಟು, ಕೊನೆಗೆ ನೋಟೀಸು ಬರೆಸಿದರು: ಇನ್ನು ಮುಂದೆ ಹುಡುಗರು ಉತ್ತರದ ಪಕ್ಕದಲ್ಲಿ ಯಾರ ಮನೆ ಕೊಳಗ ಅಂತಲೂ ಬರೆಯತಕ್ಕದ್ದು.

ಪಾವಗಡದ ಪ್ರಯೋಗ

ಪಾವಗಡದ ಹುಡುಗರು ಲೆಕ್ಕ ಕನ್ನಡದಲ್ಲಿ ಓದಿ, ಮಗ್ಗಿ ತೆಲುಗಿನಲ್ಲಿ ಹೇಳ್ಕೊಂಡು, ಉತ್ತರ ಮತ್ತೆ ಕನ್ನಡದಲ್ಲಿ ಬರೆಯೋರು. ಅದರಲ್ಲೂ ತಪ್ಪು ಕಮ್ಮಿ. ಹೆಡ್‌ಮಾಸ್ಟರು ಮಾತ್ರ ಎರಡೂ ಭಾಷೆಯನ್ನ ಕಲಸಿಯೇ ಮಾತಾಡೋರು. ಪುಸ್ತಕಗಳನ್ನ ಒಂದು ದಿನ ಇಟ್ಕೊಂಡು ಆಮೇಲೆ ನನ್ನ ಕರೆಸಿದರು.

"ಮಾಸ್ಟಾರು, ನಾನು ಬಾಯಿ ಮಾತು ನಂಬೋನಲ್ಲ. ಪ್ರಯೋಗ ಮಾಡಿ ನೋಡಿದೀನಿ. ಒಂದನೇ ಪುಸ್ತಕದಿಂದ ಐದು ಲೆಕ್ಕ ಕೊಟ್ಟೆ, ಚಟಾಚಟಾ ಅಂತ ಮಾಡಿದ್ರು. ಮೂರನೇದರಿಂದ ಐದು ಕೊಟ್ಟೆ, ಒಬ್ಬನಿಗೂ ಬರಲಿಲ್ಲ. ಚಾಲ ಕಷ್ಟಂ!"

"ಯಾವ ಹೊತ್ತಿನಲ್ಲಿ ಕೊಟ್ರಿ ಸಾರ್?"

"ಒಂದನೇದು ಬೆಳಿಗ್ಗೆ, ಪ್ರಾರ್ಥನೆ ಆದ ಕೂಡಲೇ. ಮೂರನೇದು ಊಟಕ್ಕೆ ಬಿಡೋ ಮುಂಚೆ, ಬೆಲ್ ಹೊಡೀತಾ ಇರೋವಾಗ."

ಮುಸುಕು ತೆಗೆದಾಗ

ನಾಲ್ವರ ಅಭಿಪ್ರಾಯವೂ ಒಂದೇ ಆದ್ದರಿಂದ ಇನ್ಸ್‌ಪೆಕ್ಟರ್ ಸಾಹೇಬರಿಗೆ ಬಹಳ ಖುಷಿಯಾಯ್ತು. "ನಾನೂ ಸ್ವತಃ ಓದಿ ನೋಡಿದೆ. ಒಂದನೇದು ಅತ್ಯುತ್ತಮ, ಮೂರನೇದು ಮಕ್ಕಳಿಗೆ ಅಪಾಯ" ಅಂತ ಷರಾ ಬರೆದು ಬೆಂಗಳೂರಿಗೆ ಕಳಿಸಿಯೂ ಆಯ್ತು. ಆಮೇಲೆ ನಾಲ್ವರು ಹೆಡ್‌ಮಾಸ್ಟರುಗಳನ್ನೂ ಮಧುಗಿರಿಗೆ ಕರೆಸಿ, ಕಾಫಿ ಕೊಡಿಸಿ, "ಈಗ ಮುಸುಕು ತೆಗಿಯಪ್ಪಾ, ಪುಣ್ಯಾತ್ಮ ಯಾರು ನೋಡೋಣ" ಅಂದ್ರು.

ಒಂದನೇದು ಬಿಚ್ಚಿದೆ, ಹೆಸರು ಓದಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಎರಡನೇದು ಬಿಚ್ಚಿ ಓದಿದೆ. ಮೂರನೇದು ಬಿಚ್ಚಿದೆ. ಹಾಳೆಯನ್ನ ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದೆ.

"ಓದಯ್ಯ."

ಓದಿದೆ. ಅದು ಒಂದನೇದರ ಹೆಸರೇ! ಆ ಗ್ರಂಥಕರ್ತರು ಎರಡು ಪ್ರತಿ ಕಳಿಸಿದ್ದರು, ಯುದ್ಧಕ್ಕೆ ಮುಂಚಿನ ಒಳ್ಳೇ ಕಾಗದದ್ದು ಒಂದು, ಈಗಿನ ಕಾಗದದ್ದು ಒಂದು. ನಾನು ಎರಡಕ್ಕೂ ಬೇರೆ ಬೇರೆ ನಂಬರು ಹಾಕಿದ್ದೆ. ನಿಜವಾದ ಮೂರನೇ ಪುಸ್ತಕ ಕಟ್ಟು ಕೂಡ ಬಿಚ್ಚದೆ ನನ್ನ ಟ್ರಂಕಿನ ತಳದಲ್ಲಿ ಮಲಗಿತ್ತು.

ಸಾಹೇಬರು ಎರಡನ್ನೂ ಪಕ್ಕಪಕ್ಕ ಇಟ್ಟು ಪುಟ ತಿರುವಿದರು. ಲೆಕ್ಕ, ಚಿತ್ರ, ಅಚ್ಚಿನ ತಪ್ಪು ಎಲ್ಲಾ ಒಂದೇ. ಮುಖ ಕೆಂಪಗಾಯ್ತು. "ನಾಳೆಯಿಂದ ಸ್ಕೂಲಿನ ಕಡೆ ತಲೆ ಹಾಕಬೇಡ!" ಅಂತ ಗುಡುಗಿದರು. ಮುಗೀತು ನನ್ನ ಮದುವೆ ಅಂದ್ಕೊಂಡೆ. ಕಣ್ಣಲ್ಲಿ ನೀರೇ ಬಂತು.

ಆಗ ನಮ್ಮ ಹೆಡ್‌ಮಾಸ್ಟರು ಮೆಲ್ಲಗೆ ಕೆಮ್ಮಿದರು. "ತಮ್ಮ ಚಿತ್ತ ಸಾರ್. ಆದ್ರೆ ಇವನನ್ನ ತೆಗೆದ್ರೆ ಕಾರಣ ಬರೀಬೇಕಾಗುತ್ತೆ. ಕಾರಣ ಬರೆದ್ರೆ ನಮ್ಮ ನಾಲ್ವರ ಅಭಿಪ್ರಾಯ ಲಗತ್ತಿಸಬೇಕು. ತಮ್ಮ ಷರಾ ಬೇರೆ..."

ಶಿರಾದವರು, "ಇವನು ಹೊರಗೆ ಹೋದ್ರೆ ನಾಲ್ಕು ತಾಲ್ಲೂಕಿಗೂ ಹೇಳ್ಕೊಂಡು ಬರ್ತಾನೆ ಸಾರ್" ಅಂದ್ರು. ಕೊರಟಗೆರೆಯವರು, "ಹುಡುಗ ಒಳ್ಳೆಯವನು, ನಮ್ಮೂರ ಅಳಿಯ ಆಗೋನು" ಅಂದ್ರು. ಸಾಹೇಬರು ಪೆನ್ನು ತೆಗೆದು, ಒಂದನೇ ನಂಬರು ಮಂಜೂರು, ಮೂರನೇ ನಂಬರನ್ನ ಯಾವ ಸ್ಕೂಲಿನೊಳಕ್ಕೂ ಬಿಡಕೂಡದು ಅಂತ ಆರ್ಡರು ಬರೆದರು. ಅದರ ಕೆಳಗೇ ನನ್ನನ್ನ ಕಾಯಂ ಮಾಡಿದ ಆರ್ಡರು.

ಕಾಲು ನೆಲಕ್ಕೆ ತಾಗದೆ ಹೊರಗೆ ಬಂದೆ. ಪಾವಗಡದ ಹೆಡ್‌ಮಾಸ್ಟರು ನನ್ನ ಹಿಂದೆಯೇ ಬಂದು, ಹೆಗಲ ಮೇಲೆ ಕೈಯಿಟ್ಟು, ಕಿವಿಯಲ್ಲಿ ಹೇಳಿದರು:

"ಅವರೇನಾದ್ರೂ ಅಂದ್ಕೊಳ್ಳಲಿ ಮಾಸ್ಟಾರು, ಆ ಮೂರನೇದು ಮಾತ್ರ ಬಲು ಕಷ್ಟ."