ಬಾಣಂತಿ ಮನೆಯ ಕರೆಂಟ್ ಬಿಲ್ಲು

ಆಗಸ್ಟ್ ಏಳು. ಬೆಳಗಿನಿಂದ ಮೋಡ, ಮಳೆ ಬರಲಿಲ್ಲ.

ಹಳೇಬೀಡಿನಲ್ಲಿ ಕರೆಂಟ್ ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಕೂತು ನನಗೆ ಬಹಳ ವರ್ಷವಾಯಿತು. ದುಡ್ಡು ಕಟ್ಟುವುದಿಲ್ಲ ಎಂದು ಜಗಳಕ್ಕೆ ಬರುವವರು ದಿನಾ ಇರುತ್ತಾರೆ. ಕಟ್ಟಲು ಬಿಡಿ ಎಂದು ಜಗಳಕ್ಕೆ ಬಂದವರು ಒಬ್ಬರೇ: ಬಸದಿಯ ದಾರಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಜೈನ ಯಜಮಾನರು. ಅವರದು ಒಂದು ಮುಗಿಯಿತು ಎನ್ನುವಾಗ ಇನ್ನೊಂದು ಶುರುವಾಗುತ್ತದೆ.

೧. ಸೊನ್ನೆಗೆ ರಸೀದಿ

ಉಚಿತ ಕರೆಂಟ್ ಬಂದ ಮೇಲೆ ಅವರ ಮನೆಗೆ ಸೊನ್ನೆ ಬಿಲ್ಲು. ಆದರೂ ತಿಂಗಳು ತಿಂಗಳು ಕಿಟಕಿಗೆ ಬರುತ್ತಿದ್ದರು.

“ರಸೀದಿ ಕೊಡಿ ಸ್ವಾಮಿ.”

“ನೀವೇನೂ ಕಟ್ಟಬೇಕಾಗಿಲ್ಲ ಯಜಮಾನ್ರೇ.”

“ಅದಕ್ಕೇ ಕೇಳ್ತಿರೋದು. ಬಾಕಿ ಇಲ್ಲ ಅಂತ ನೀವು ಬಾಯಲ್ಲಿ ಹೇಳ್ತೀರಿ. ನಾಳೆ ನಿಮಗೆ ವರ್ಗ ಆದ್ರೆ?”

೨. ಹೊತ್ತು ಮುಳುಗುವ ಮುಂಚೆ

ಈ ಬೇಸಿಗೆ ಕೊನೆಗೆ ಅರಸೀಕೆರೆಯಿಂದ ಮಗಳು ಹೆರಿಗೆಗೆ ಬಂದಳು. ಹೆಣ್ಣು ಮಗು. ಬಾಣಂತಿಗೆ ಬಿಸಿನೀರು, ರಾತ್ರಿಯೆಲ್ಲ ದೀಪ. ಮೊದಲ ಸಲ ಸೊನ್ನೆ ಹೋಗಿ ಅಂಕಿ ಬಂತು.

“ಇನ್ನೂರು ಯೂನಿಟ್ ತನಕ ಪುಕ್ಕಟೆ ಅಂದ್ರಲ್ಲ?”

“ಹಿಂದೆ ಎಷ್ಟು ಸುಡ್ತಿದ್ರಿ ಅಂತ ಸರಾಸರಿ ನೋಡಿ ಪಾಲು ಕೊಡ್ತಾರೆ. ನಿಮ್ಮನೇಲಿ ಹೊತ್ತು ಮುಳುಗೋ ಮುಂಚೆ ಊಟ, ಆಮೇಲೆ ನಿದ್ದೆ. ನಿಮ್ಮ ಪಾಲು ಸಣ್ಣದು.”

“ಪಕ್ಕದ ಮನೆಯವನು ಸರಹೊತ್ತಿನ ತನಕ ಟೀವಿ ಹಾಕ್ತಿದ್ದ.”

“ಅವರ ಪಾಲು ದೊಡ್ಡದು.”

ಯಜಮಾನರು ಬಿಲ್ಲು ಮಡಚಿದರು. “ಧರ್ಮ ಬಿಡಿ ಅಂತ ನೀವು ಮೊದಲೇ ಒಂದು ನೋಟೀಸ್ ಅಂಟಿಸಬೇಕಿತ್ತು.”

೩. ತಣ್ಣೀರು

ದುಡ್ಡು ತೆಗೆದರು. ನಾನು ಕಂಪ್ಯೂಟರ್ ನೋಡಿದೆ. ಬಿಲ್ಲು ಆಗಲೇ ಕಟ್ಟಿಯಾಗಿತ್ತು. ಹಿಂದೆ ಇವರಿಗೆ ಕಣ್ಣಿನ ಆಪರೇಷನ್ ಆದಾಗ, ಓಡಾಟ ಬೇಡವೆಂದು ಅಳಿಯ ತಮ್ಮ ಬ್ಯಾಂಕ್ ಖಾತೆಯಿಂದ ಬಿಲ್ಲು ತಾನಾಗಿ ಕಡಿತವಾಗುವಂತೆ ಮಾಡಿಟ್ಟಿದ್ದರು. ಸೊನ್ನೆ ಬರುತ್ತಿದ್ದಷ್ಟು ಕಾಲ ಅದು ಯಾರಿಗೂ ನೆನಪಿರಲಿಲ್ಲ.

ಯಜಮಾನರ ಮುಖ ಇಳಿಯಿತು. “ಬಾಣಂತನ ತವರಿನದು ಸ್ವಾಮಿ. ನಾಮಕರಣಕ್ಕೆ ಬೀಗರು ಬರ್ತಾರೆ. ಅಳಿಯಂದ್ರ ದುಡ್ಡಲ್ಲಿ ಮಗಳಿಗೆ ನೀರು ಕಾಯಿಸಿದೆ ಅಂತ ಅವರಿಗೆ ಗೊತ್ತಾದ್ರೆ? ಅವರದು ವಾಪಸ್ ಕಳಿಸಿ, ನನ್ನದು ತಗೊಳ್ಳಿ.”

“ಹಾಗೆ ಬರೋದಿಲ್ಲ. ಕಡಿತ ನಿಲ್ಲಿಸಿ ಅಂತ ಅಳಿಯಂದ್ರಿಗೇ ಹೇಳಿ.”

“ಹೇಳಿದ್ರೆ ದುಡ್ಡಿನ ಮಾತು ಎತ್ತಿದ ಹಾಗಾಗುತ್ತೆ.”

ಮನೆಗೆ ಹೋಗಿ ಗೀಸರ್ ಆರಿಸಿ, ಹಿತ್ತಲ ಹಂಡೆಗೆ ಸೌದೆ ಹಾಕಿದರಂತೆ. ಒಳಗೆಲ್ಲ ಹೊಗೆ. ಹೆಂಡತಿ, “ನಿಮ್ಮ ಮರ್ಯಾದೆಗೆ ಕೂಸು ಕೆಮ್ಮಬೇಕಾ? ಗೀಸರ್ ಹಾಕಿ. ಉಳಿಸಲೇಬೇಕು ಅಂದ್ರೆ ನೀವು ತಣ್ಣೀರು ಹುಯ್ಕೊಳ್ಳಿ” ಎಂದರಂತೆ.

ಮುಂದಿನ ವಾರ ಇದನ್ನೆಲ್ಲ ನನಗೆ ಹೇಳಿ, ಗಂಭೀರವಾಗಿ ಮೂಗು ಒರೆಸಿಕೊಂಡರು. “ಹುಯ್ಕೊಳ್ತಾ ಇದೀನಿ.”

೪. ಮುಂಗಡ

ನನಗೂ ಪಾಪ ಎನಿಸಿತು. “ಇಲ್ಲೇ ಮುಂಗಡ ಕಟ್ಟಿ. ಬಿಲ್ಲು ಅದರಲ್ಲೇ ವಜಾ ಆಗುತ್ತೆ. ಬ್ಯಾಂಕು ಅಳಿಯಂದ್ರ ಖಾತೆ ಮುಟ್ಟೋದಿಲ್ಲ” ಎಂದೆ. ಅಲ್ಲೇ ಸಾವಿರ ರೂಪಾಯಿ ಎಣಿಸಿ ಕೊಟ್ಟರು.

ಇವತ್ತು ಹೊಸ ಬಿಲ್ಲು ಹಿಡಿದು ಬಂದಿದ್ದರು. ನಾಡಿದ್ದು ನಾಮಕರಣ. “ಓದಿ ಸ್ವಾಮಿ, ಸಣ್ಣಕ್ಷರ ಕಾಣಲ್ಲ.”

“ಕಟ್ಟಬೇಕಾದ್ದು ಏನೂ ಇಲ್ಲ. ನಿಮ್ಮ ಮುಂಗಡ ಇನ್ನೂ ಉಳಿದಿದೆ.”

“ಅಳಿಯಂದ್ರದು?”

“ಬ್ಯಾಂಕಿಂದ ಒಂದು ಪೈಸೆ ಬಂದಿಲ್ಲ.”

ಕಿಟಕಿಯ ಕಂಬಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಫೋನ್ ಬಂತು. ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು.

“ಮಾವ, ಈ ತಿಂಗಳು ನನ್ನ ಖಾತೇಲಿ ಕರೆಂಟ್ ದುಡ್ಡೇ ಕಟ್ ಆಗಿಲ್ಲ. ಬ್ಯಾಂಕಲ್ಲಿ ಏನೋ ಎಡವಟ್ಟಾಗಿದೆ. ಮಗು ಇರೋ ಮನೆ, ಲೈನ್ ಕಿತ್ತುಬಿಟ್ಟಾರು ಅಂತ ಈಗತಾನೇ ಫೋನಲ್ಲೇ ಕಟ್ಟಿಬಿಟ್ಟೆ. ನೀವೇನೂ ಯೋಚನೆ ಮಾಡ್ಬೇಡಿ.”

ಯಜಮಾನರು ನನ್ನನ್ನೇ ನೋಡುತ್ತ ಕೇಳಿದರು: “ಎಷ್ಟು ಕಟ್ಟಿದ್ರಿ?”

“ಐದು ಸಾವಿರ, ಮಾವ. ಬಾಣಂತನ ಮುಗಿಯೋ ತನಕ ಆಗುತ್ತೆ.”