ಬಬಲೇಶ್ವರದ ಹಾಯಿದೋಣಿ

ಆ ಕಾಲಕ್ಕೆ ಇಡೀ ವಿಜಾಪುರ ಜಿಲ್ಲೆಯಲ್ಲಿ ಹಾಯಿದೋಣಿ ಇಟ್ಟುಕೊಂಡಿದ್ದ ಒಬ್ಬನೇ ದರ್ಜಿ ನಮ್ಮ ಭಾವ. ದರ್ಜಿ ಅಂತ ಯಾಕೆ ಬಿಡಿಸಿ ಹೇಳಬೇಕು, ಒಬ್ಬನೇ ಮನುಷ್ಯ ಎಂದರೂ ತಪ್ಪಾಗಲಾರದು. ನೀರು ನೋಡಿಕೊಂಡು ದೋಣಿ ಕೊಳ್ಳುವುದು ಬುದ್ಧಿವಂತರ ಪದ್ಧತಿ. ನಮ್ಮ ಭಾವ ಮೊದಲು ದೋಣಿ ಕೊಂಡು, ಆಮೇಲೆ ನೀರು ಹುಡುಕಲು ಹೊರಟವರು.

ಅರವತ್ತರ ದಶಕದ ಆರಂಭ. ಬಬಲೇಶ್ವರದಲ್ಲಿ ಅವರ ಹೊಲಿಗೆ ಅಂಗಡಿ. ಹಳೆಯ ಮಶೀನು ಕೆಟ್ಟು ಕೂತು, ನನ್ನ ಅಕ್ಕ ರಾಶಿ ಬಟ್ಟೆಯನ್ನು ಕೈಯಲ್ಲೇ ಹೊಲಿಯುತ್ತಿದ್ದಳು. ಒಳ್ಳೆಯದೊಂದು ಮಶೀನು ತರುತ್ತೇನೆಂದು ಭಾವ ಮುಂಬಯಿಗೆ ಹೋದರು. ಅಲ್ಲಿ ಬಂದರಿನ ಹತ್ತಿರ ಯಾರೋ ಸಾಹೇಬ ಮನೆ ಖಾಲಿ ಮಾಡುತ್ತ ಸಾಮಾನು ಮಾರುತ್ತಿದ್ದ. ಅದರಲ್ಲೊಂದು ಪುಟ್ಟ ಹಾಯಿದೋಣಿ.

“ಹಾಯಿ ನಟ್ಟನಡುವ ಹರದಿತ್ತೋ ತಮ್ಮಾ. ಹರಿದ ಬಟ್ಟಿ ನೋಡಿ ಹೆಂಗ ಬಿಟ್ಟು ಬರಲಿ?” ಎಂದು ಆಮೇಲೆ ನನ್ನನ್ನೇ ಕೇಳಿದರು. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ನಾನು ವಿಜಾಪುರದಲ್ಲಿ ನೌಕರಿಗಿದ್ದೆ. ಹೀಗಾಗಿ ಗೂಡ್ಸ್ ಗಾಡಿಯಲ್ಲಿ ಬಂದ ದೋಣಿಯನ್ನು ಬಿಡಿಸಿಕೊಳ್ಳುವ ಭಾಗ್ಯ ನನ್ನದಾಯಿತು. ಸ್ಟೇಷನ್ನಿನ ಗುಮಾಸ್ತ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಎಲ್ಲಿಗಿ ಒಯ್ಯತೀರಿ ಇದನ್ನ?”

“ಬಬಲೇಶ್ವರಕ್ಕರಿ.”

“ಅಲ್ಲಿ ಹೊಳಿ ಐತೇನ್ರಿ?”

“ಇನ್ನಾ ಬಂದಿಲ್ಲರಿ,” ಎಂದೆ.

ಎತ್ತಿನ ಚಕ್ಕಡಿಯ ಮೇಲೆ ಮಗುಚಿ ಹಾಕಿಕೊಂಡು ಊರು ಮುಟ್ಟಿಸಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

“ಮಶೀನ ಇದರೊಳಗ ಐತೇನು?”

“ಇಲ್ಲ,” ಎಂದರು ಭಾವ.

“ಮತ್ತ ಎಲ್ಲೈತಿ?”

“ಇದ ನೋಡು.”

ಅಂದಿನಿಂದ ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ತುಂಬಿದ ಮನೆ. ಅತ್ತೆ, ಮಾವ, ಮೈದುನರು, ನೆಗೆಣ್ಣಿಯರು. ಹಗಲಲ್ಲಿ ಗಂಡಹೆಂಡತಿ ಎದುರೆದುರು ಕುಳಿತು ಮಾತಾಡುವ ರೂಢಿಯೇ ಆ ಮನೆಯಲ್ಲಿ ಇರಲಿಲ್ಲವಾದ್ದರಿಂದ, ಅವಳು ಮಾತು ಬಿಟ್ಟದ್ದು ಬಹಳ ದಿನ ಯಾರಿಗೂ ತಿಳಿಯಲಿಲ್ಲ. “ಊಟಕ್ಕ ಆಗೇತಿ” ಎಂದು ಗೋಡೆಗೆ ಹೇಳುತ್ತಿದ್ದಳು. ಗೋಡೆ ಏಳುವ ಮೊದಲೇ ಭಾವ ಎದ್ದು ಬರುತ್ತಿದ್ದರು.

ದೋಣಿ ರಿಪೇರಿಗೆಂದು ತಿಕೋಟಾದಿಂದ ಚಕ್ಕಡಿ ಮಾಡುವ ಬಡಿಗೇರ ಬಂದ. ಸಂದುಗಳಿಗೆಲ್ಲ ಡಾಂಬರು ಮೆತ್ತಿ, ಕೈ ಒರೆಸಿಕೊಂಡು, “ಗಾಲಿ ಎಲ್ಲಿ ಕೂಡಸಲಿರಿ?” ಎಂದು ಕೇಳಿದ. ಬಿಸಿಲಿಗೆ ಹಲಗೆ ಸೀಳಬಾರದೆಂದು ಭಾವ ಅದರೊಳಗೆ ನೀರು ತುಂಬಿಸಿಟ್ಟರು. ಬೇರೆ ಊರುಗಳಲ್ಲಿ ದೋಣಿ ನೀರಿನಲ್ಲಿರುತ್ತದೆ; ಬಬಲೇಶ್ವರದಲ್ಲಿ ನೀರು ದೋಣಿಯಲ್ಲಿತ್ತು. ಓಣಿಯ ಎಮ್ಮೆಗಳಿಗೆ ಬಹಳ ಅನುಕೂಲವಾಯಿತು.

ಆ ವರ್ಷ ಮಳೆ ಚೆನ್ನಾಗಿ ಹಿಡಿದು ಮಮದಾಪುರದ ಕೆರೆ ತುಂಬಿತು. ಮನೆಮಂದಿ, ಓಣಿಮಂದಿ ಎಲ್ಲ ಬುತ್ತಿ ಕಟ್ಟಿಕೊಂಡು ಚಕ್ಕಡಿ ಏರಿದ ದೋಣಿಯ ಹಿಂದೆ ನಡೆದೆವು. ಹಾಯಿಯನ್ನು ಭಾವ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳಿಂದ ಸರಿಮಾಡಿದ್ದರು. ಅದು ಮೇಲೇರಿದ್ದೇ ತಡ, ದಂಡೆಯಲ್ಲಿ ಗುಜುಗುಜು ಶುರುವಾಯಿತು.

“ಆ ನೀಲಿ ಪಟ್ಟಿ ನನ್ನ ಕೋಟಿನದಲ್ಲೇನು?” ಎಂದರು ಊರ ಗೌಡರು. “ಬಟ್ಟಿ ಸಾಲಲಿಲ್ಲಂತ ತೋಳ ಗಿಡ್ಡ ಮಾಡಿ ಕೊಟ್ಟಿದ್ದಿ.”

ಭಾವ ಅವಸರದಿಂದ ದೋಣಿ ಹತ್ತಿದರು. ಅದು ಒಂದೇ ಪಕ್ಕಕ್ಕೆ ವಾಲಿ ಅವರನ್ನು ನೀರಿಗೆ ಕೆಡವಿತು. ಮೊಳಕಾಲುದ್ದದ ನೀರಿನಲ್ಲಿ ಎದ್ದು ನಿಂತು, “ಆಳ ನೋಡಿದ್ನಿ,” ಎಂದರು.

ಅವರ ತಾಯಿಗೆ ಜೀವ ಹಾರಿದಂತಾಯಿತು. “ಒಬ್ಬಾಂವ ಕುಂತ್ರ ವಾಲತೈತಿ. ಹೋಗವಾ, ನೀ ಆ ಕಡಿ ಕುಂದರು,” ಎಂದು ಸೊಸೆಗೆ ಅಪ್ಪಣೆ ಮಾಡಿದರು. ಅತ್ತೆಯ ಮಾತು ಮೀರುವುದುಂಟೆ? ಅಕ್ಕ ಸೆರಗು ಬಿಗಿದು ಹೋಗಿ, ಗಂಡನಿಗೆ ಬೆನ್ನು ಮಾಡಿ ಕುಳಿತಳು.

ದೋಣಿ ನಿಜಕ್ಕೂ ಹೋಯಿತು. ಕೆರೆಯ ನಡುವಿನವರೆಗೂ ಹೋಗಿ, ಗಾಳಿ ಬಿದ್ದು ನಿಂತುಬಿಟ್ಟಿತು. ದಂಡೆಯಿಂದ ಎಲ್ಲರೂ ಕೂಗಿ ಕೂಗಿ ಉಪಾಯ ಹೇಳಿದರು. ಬಾಯಿ ನೊಂದ ಮೇಲೆ ಬುತ್ತಿ ಬಿಚ್ಚಿ ಕುಳಿತರು.

ಆಗ ನೀರಿನ ಮೇಲಿಂದ ಅಕ್ಕನ ದನಿ ಬಂತು. ಬೈಯುತ್ತಿದ್ದಳು. ಮಾತು ಸ್ಪಷ್ಟವಿರಲಿಲ್ಲ, ಆದರೆ ಉದ್ದವಿತ್ತು. ಎಷ್ಟು ತಿಂಗಳದ್ದೋ ಏನೋ. ಭಾವ ತಲೆ ತಗ್ಗಿಸಿ ಕೇಳುತ್ತಿರುವುದು ಕಾಣುತ್ತಿತ್ತು. ನಡುವೆ ಅವರೂ ಏನೋ ಹೇಳಿದರು. ಆಮೇಲೆ ಅಕ್ಕ ತಿರುಗಿ ಅವರಿಗೆ ಮುಖ ಕೊಟ್ಟು ಕುಳಿತಳು, ಮತ್ತು ನಕ್ಕಳು. ಗಟ್ಟಿಯಾಗಿ, ತಡೆಯಿಲ್ಲದೆ, ತೌರಿನಲ್ಲಿ ನಮ್ಮ ಜೊತೆ ನಗುತ್ತಿದ್ದ ಹಾಗೆ.

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಯಾರಪಾ ಅದು ನಗಾಕತ್ತದ್ದು?”

“ಅಕ್ಕರಿ.”

“ಆಕಿ ಹಿಂಗ ನಗತಾಳೇನು?” ಎಂದು ಮೆಲ್ಲಗೆ ಕೇಳಿ, ಕೆರೆಯ ಕಡೆ ನೋಡುತ್ತ ಕುಳಿತರು.

ಹೊತ್ತು ಇಳಿದಾಗ ಗಾಳಿ ಬಂತು. ದಂಡೆಯ ಜಾಲಿಗಿಡಗಳು ಅಲುಗಿದವು, ಹಾಯಿ ತುಂಬಿಕೊಂಡಿತು. ಇನ್ನೇನು ಬಂದೇಬಿಟ್ಟರು ಎಂದು ನಾವೆಲ್ಲ ಎದ್ದು ನಿಂತೆವು. ಭಾವ ನಮ್ಮ ಕಡೆ ಒಮ್ಮೆ ನೋಡಿದರು. ಎದ್ದು ಹಾಯಿ ಇಳಿಸಿದರು, ಮಡಿಸಿ ಅಕ್ಕನ ಬೆನ್ನಿಗೆ ಒರಗಲು ಇಟ್ಟರು, ಮತ್ತೆ ಅವಳ ಎದುರಿಗೆ ಕುಳಿತುಕೊಂಡರು.